ಮಕ್ಕಳ ಬರವಣಿಗೆ ಮತ್ತು ಮನೆಯ ಹೊಣೆ

ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳು ಕೈಸೇರಿದ ತರುವಾಯ ಪಾಲಕರಿಂದ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ ಬಗೆಯದು. “ಹುಡುಗ ಬಾಯಿಲೆ ಎಲ್ಲಾ ಹೇಳ್ತಾನ್ರಿ, ಬರಿಯಾಕ ಕುಂತ್ರ ಮಾತ್ರ ಒಂದಕ್ಷರಾನೂ ಮೂಡೂದಿಲ್ಲ.” ಈ ದೂರಿನಲ್ಲಿಯೇ ರೋಗದ ಲಕ್ಷಣವೂ ಇದೆ, ಅದರ ಮದ್ದೂ ಇದೆ. ಬಾಯಿಂದ ಹೇಳಬಲ್ಲ ಬಾಲಕನಿಗೆ ಭಾಷೆಯ ಸಂಪತ್ತು ಇಲ್ಲವೆಂದು ಹೇಳಲಾಗದು. ಇರುವ ಸಂಪತ್ತು ನಾಲಗೆಯಿಂದ ಕೈಗೆ ಇಳಿದುಬರುವ ದಾರಿಯೊಂದನ್ನು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ. ಆ ದಾರಿಯ ಅರ್ಧಭಾಗ ಶಾಲೆಯಲ್ಲಿದೆ, ಉಳಿದರ್ಧ ಮನೆಯಲ್ಲಿದೆ. ಮನೆಯ ಭಾಗವನ್ನು ಕುರಿತು ಪಾಲಕ ಬಂಧುಗಳೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಆರಂಭದಲ್ಲಿಯೇ ಒಂದು ಸಂಶಯವನ್ನು ಪರಿಹರಿಸಬೇಕು. “ನಾವು ಓದಿದವರಲ್ಲ, ಮಗುವಿನ ಬರಹವನ್ನು ನಾವೇನು ತಿದ್ದಬಲ್ಲೆವು?” ಎಂದು ಅನೇಕ ತಾಯಿತಂದೆಗಳು ಹಿಂಜರಿಯುತ್ತಾರೆ. ತಿದ್ದುವುದು ಗುರುಗಳ ಕೆಲಸ. ಮನೆಯಲ್ಲಿ ತಿದ್ದುವವರಿಗಿಂತ ಮೊದಲು ಬೇಕಾದವರು ಕೇಳುವವರು. ತನ್ನ ಬರಹವನ್ನು ಆಸಕ್ತಿಯಿಂದ ಕೇಳುವ ಒಬ್ಬರು ಮನೆಯಲ್ಲಿದ್ದಾರೆಂದು ತಿಳಿದ ಮಗು ಬರೆಯತೊಡಗುತ್ತದೆ. ಯಾರೂ ಇಲ್ಲದಿದ್ದರೆ ಗುರುಗಳ ಅಂಜಿಕೆಗಾಗಿ ನಾಲ್ಕು ಸಾಲು ಗೀಚಿ ಪುಸ್ತಕ ಮುಚ್ಚುತ್ತದೆ. ಕೇಳುವುದಕ್ಕೆ ಅಕ್ಷರಜ್ಞಾನ ಬೇಕಿಲ್ಲ, ವ್ಯವಧಾನ ಬೇಕು. ಆದುದರಿಂದ ಈ ಹೊಣೆ ಓದಿದ ಮನೆಗೂ ಓದದ ಮನೆಗೂ ಸಮಾನವಾದುದು.

೧. ಮಾತಿನಿಂದ ಬರಹಕ್ಕೆ

“ಕೂಡು, ನಿಬಂಧ ಬರೆ” ಎಂದು ಮಗುವನ್ನು ಬರಿಯ ಹಾಳೆಯ ಮುಂದೆ ಕೂಡಿಸುವುದು ಬಿತ್ತದ ಹೊಲದಲ್ಲಿ ರಾಶಿ ಮಾಡಲು ಹೊರಟಂತೆ. ಮೊದಲು ಹೇಳಿಸಬೇಕು, ಆಮೇಲೆ ಬರೆಯಿಸಬೇಕು. ಸಂಜೆಯ ಹೊತ್ತು ತಾಯಿ ರೊಟ್ಟಿ ಬಡಿಯುತ್ತಿರುವಾಗ ಮಗುವನ್ನು ಹತ್ತಿರ ಕೂಡಿಸಿಕೊಂಡು, ಆ ದಿನ ಕಂಡ ಒಂದು ಸಂಗತಿಯನ್ನು ಹೇಳೆಂದು ಕೇಳಲಿ. ಸಂತೆಯಲ್ಲಿ ಎತ್ತಿನ ವ್ಯಾಪಾರ ಹೇಗೆ ನಡೆಯಿತು, ಕಬ್ಬಿನ ಲಾರಿ ಕೆಸರಿನಲ್ಲಿ ಹೇಗೆ ಸಿಕ್ಕಿತು, ಅದನ್ನು ಯಾರು ಯಾರು ನೂಕಿದರು, ಯಾವುದಾದರೂ ಸರಿ. ನಡುವೆ “ಆಮ್ಯಾಲ ಏನಾತಪ್ಪಾ?”, “ಅದು ನಿನಗ ಹೆಂಗ ಗೊತ್ತಾತು?”, “ಅಂವ ಏನಂದಾ?” ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಹಾಕಿದರೆ ಸಾಕು. ಮೊದಲನೆಯ ಪ್ರಶ್ನೆಯಿಂದ ಮಗುವಿಗೆ ಅನುಕ್ರಮ ತಿಳಿಯುತ್ತದೆ. ಎರಡನೆಯದರಿಂದ ಕಾರಣವನ್ನು ಹೇಳುವ ಅಭ್ಯಾಸವಾಗುತ್ತದೆ. ಮೂರನೆಯದರಿಂದ ಬರಹದಲ್ಲಿ ಮನುಷ್ಯರ ಧ್ವನಿ ಮೂಡುತ್ತದೆ. ಹೀಗೆ ಹೇಳಿ ಮುಗಿಸಿದ ಕೂಡಲೆ “ಈಗ ಹೇಳಿದ್ದನ್ನೇ ಐದು ಸಾಲಿನಲ್ಲಿ ಬರೆ” ಎಂದರೆ ಮಗು ಹೆದರುವುದಿಲ್ಲ. ಏನು ಬರೆಯಬೇಕೆಂಬ ಚಿಂತೆ ಆಗಲೇ ತೀರಿರುತ್ತದೆ.

ಇಲ್ಲಿ ಮನೆಮಾತಿನ ಪ್ರಶ್ನೆ ಬರುತ್ತದೆ. ನಮ್ಮ ಅನಗವಾಡಿ, ಬೀಳಗಿ, ಮುಧೋಳ, ಜಮಖಂಡಿಗಳ ಕಡೆಯ ಮಗು ಸಹಜವಾಗಿ “ಮನ್ಯಾಗ”, “ಹೊಲಕ್ಕ”, “ಸಾಲಿಗಿ” ಎಂದು ಬರೆಯುತ್ತದೆ. ಕೆಲವರು ಇದನ್ನು ಕಂಡು “ಇದು ಅಶುದ್ಧ, ಹಳ್ಳಿಯ ಭಾಷೆ” ಎಂದು ಜರೆಯುತ್ತಾರೆ. ಜರೆಸಿಕೊಂಡ ಮಗು ತನ್ನ ತಾಯಿಯ ಮಾತಿಗಾಗಿ ನಾಚುತ್ತದೆ, ನಾಚಿದ ಮೇಲೆ ಬರೆಯುವುದನ್ನೇ ಬಿಡುತ್ತದೆ. ವ್ಯಾಕರಣವನ್ನು ಬಲ್ಲವರು ಹೀಗೆ ಜರೆಯಲಾರರು. ಹಳಗನ್ನಡದಲ್ಲಿ ಸಪ್ತಮೀ ವಿಭಕ್ತಿಯ ಪ್ರತ್ಯಯ ‘ಒಳ್’. ಅದೇ ‘ಒಳಗೆ’ ಎಂದು ಬೆಳೆದಿದೆ. ನಮ್ಮ ಮನೆಗಳ ‘ಆಗ’ ಎಂಬ ಪ್ರತ್ಯಯವೂ ಆ ‘ಒಳಗೆ’ಯ ಬಳಗದ್ದೇ. ಗ್ರಂಥಭಾಷೆಯ ‘ಮನೆಯಲ್ಲಿ’ ಎಂಬುದು ಒಂದು ದಾರಿಯಿಂದ ಬಂದರೆ, ‘ಮನ್ಯಾಗ’ ಎಂಬುದು ಇನ್ನೊಂದು ದಾರಿಯಿಂದ ಬಂದಿದೆ. ಎರಡಕ್ಕೂ ಕುಲವುಂಟು.

ಹಾಗೆಂದು ಗ್ರಂಥಭಾಷೆ ಬೇಡವೆಂದು ಹೇಳುತ್ತಿಲ್ಲ. ಪರೀಕ್ಷೆಗೆ, ಅರ್ಜಿಗೆ, ದೂರದ ಊರಿನ ಓದುಗರಿಗೆ ಎಲ್ಲರೂ ಬಲ್ಲ ಸಾಮಾನ್ಯ ರೂಪ ಅವಶ್ಯವೇ ಸರಿ. ಅದನ್ನು ಮನೆಮಾತಿಗೆ ವೈರಿಯಾಗಿ ಕಲಿಸದೆ ಜೊತೆಗಾರನಾಗಿ ಕಲಿಸಬೇಕು. ನೋಟಬುಕ್ಕಿನ ಒಂದು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಮನೆಯ ಮಾತು’, ಬಲಕ್ಕೆ ‘ಪುಸ್ತಕದ ಮಾತು’ ಎಂದು ಬರೆಯಿಸಿರಿ. ಎಡಕ್ಕೆ ‘ಎಲಿ’ ಎಂದಿದ್ದರೆ ಬಲಕ್ಕೆ ‘ಎಲೆ’. ಎಡಕ್ಕೆ ‘ಹೊಲದಾಗ’ ಎಂದಿದ್ದರೆ ಬಲಕ್ಕೆ ‘ಹೊಲದಲ್ಲಿ’. ದಿನಕ್ಕೆ ಮೂರು ಶಬ್ದಗಳಾದರೆ ಸಾಕು, ತಿಂಗಳಿಗೆ ತೊಂಬತ್ತಾಗುತ್ತವೆ. ಈ ಪುಟವನ್ನು ತುಂಬುವಾಗ ಮಗುವಿಗೆ ಕೆಲವು ಸೂಕ್ಷ್ಮಗಳೂ ಹೊಳೆಯುತ್ತವೆ. ನಮ್ಮಲ್ಲಿ “ಅಣ್ಣ ಊರಿಂದ ಬಂದಾನ” ಎಂದರೆ ಬಂದಿದ್ದಾನೆ ಎಂದರ್ಥ. ಇದನ್ನು ಪುಸ್ತಕದ ಭಾಷೆಗೆ ತರುವ ಅವಸರದಲ್ಲಿ ‘ಬಂದಾನು’ ಎಂದು ಬರೆದರೆ ಅರ್ಥವೇ ಬೇರೆಯಾಗುತ್ತದೆ. ಅದು ಸಂಭಾವನಾರ್ಥಕ ಕ್ರಿಯಾಪದ, ಬಂದರೂ ಬರಬಹುದು ಎಂದರ್ಥ. ಬಂದ ಅಣ್ಣ ಒಂದು ಉಕಾರದಿಂದ ಇನ್ನೂ ದಾರಿಯಲ್ಲಿಯೇ ಉಳಿಯುತ್ತಾನೆ!

೨. ಅಕ್ಷರಶುದ್ಧಿ

ಕನ್ನಡ ವರ್ಣಮಾಲೆಯಲ್ಲಿ ಇಂದು ನಾವು ಎಣಿಸುವ ಅಕ್ಷರಗಳು ೪೯. ಅವುಗಳಲ್ಲಿ ಸ್ವರಗಳು ೧೩, ಯೋಗವಾಹಗಳು ೨, ವ್ಯಂಜನಗಳು ೩೪. ಮಕ್ಕಳು ತಪ್ಪುವುದು ಈ ೪೯ರಲ್ಲಿ ಎಲ್ಲೆಡೆಯೂ ಅಲ್ಲ, ಗೊತ್ತಾದ ಕೆಲವು ತಾಣಗಳಲ್ಲಿ ಮಾತ್ರ. ಆ ತಾಣಗಳನ್ನು ಪಾಲಕರು ಅರಿತಿದ್ದರೆ ಕೆಲಸ ಹಗುರವಾಗುತ್ತದೆ.

ಮೊದಲನೆಯ ತಾಣ ಮಹಾಪ್ರಾಣ. ವರ್ಗಾಕ್ಷರಗಳಲ್ಲಿ ಮಹಾಪ್ರಾಣಗಳು ೧೦. ಆಡುಮಾತಿನಲ್ಲಿ ಅವುಗಳ ಉಸಿರು ಸಡಿಲವಾಗಿರುವುದರಿಂದ ಬರಹದಲ್ಲಿಯೂ ಜಾರಿಹೋಗುತ್ತವೆ. ನಮ್ಮ ಊರ ಮಗ್ಗುಲಲ್ಲಿ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಹೊಳೆಯ ಹೆಸರಿನಲ್ಲಿಯೇ ಎರಡು ಮಹಾಪ್ರಾಣಗಳಿವೆ. ದಿನಬೆಳಗಾದರೆ ಆ ನೀರನ್ನು ಕಾಣುವ ಮಗು ‘ಗಟಪ್ರಬಾ’ ಎಂದು ಬರೆದೀತು. ‘ಘಟಪ್ರಭಾ’ ಎಂಬುದನ್ನು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನಿಧಾನವಾಗಿ ಉಚ್ಚರಿಸಲು ಹೇಳಿರಿ. ‘ಗ’ ಎಂದಾಗ ತಾಗದ ಉಸಿರು ‘ಘ’ ಎಂದಾಗ ಅಂಗೈಗೆ ತಾಗುತ್ತದೆ. ಮಹಾಪ್ರಾಣವೆಂದರೇನೆಂಬುದು ಸೂತ್ರವಿಲ್ಲದೆ ತಿಳಿಯುತ್ತದೆ. ‘ದನ’ ಎಂದರೆ ಕೊಟ್ಟಿಗೆಯಲ್ಲಿರುವುದು, ‘ಧನ’ ಎಂದರೆ ಪೆಟ್ಟಿಗೆಯಲ್ಲಿರುವುದು ಎಂದು ಹೇಳಿದರೆ ಒಕ್ಕಲಿಗರ ಮನೆಯ ಮಗು ಆ ಭೇದವನ್ನು ಮರೆಯುವುದಿಲ್ಲ.

ಎರಡನೆಯದು ಲಕಾರ ಳಕಾರಗಳ ಹಾಗೂ ಹ್ರಸ್ವ ದೀರ್ಘಗಳ ತಾಣ. ಇವೆರಡಕ್ಕೂ ಸೇರಿ ಮೂರು ಶಬ್ದಗಳ ಒಂದು ಪಾಠ ಸಾಕು: ಬೆಳೆ, ಬೆಲೆ, ಬೇಳೆ. ಹೊಲದಲ್ಲಿ ನಿಂತದ್ದು ಬೆಳೆ. ಪೇಟೆಯಲ್ಲಿ ಅದಕ್ಕೆ ಸಿಗುವುದು ಬೆಲೆ. ಒಡೆದ ಮೇಲೆ ಒಲೆಯ ಮೇಲೆ ಬೇಯುವುದು ಬೇಳೆ. ಈ ಮೂರನ್ನೂ ಸೇರಿಸಿ ಒಂದು ವಾಕ್ಯ ಮಾಡಲು ಹೇಳಿದರೆ ಮಗು ನಗುತ್ತ ಮಾಡುತ್ತದೆ.

ಮೂರನೆಯದು ಸಂಯುಕ್ತಾಕ್ಷರ. ‘ಕ್ರಮ’ ಮತ್ತು ‘ಕರ್ಮ’ ಎಂಬೆರಡರಲ್ಲಿ ರೇಫದ ಸ್ಥಾನವನ್ನು ತೋರಿಸಿರಿ. ಅರ್ಕಾವತ್ತಿನಲ್ಲಿ ರಕಾರವನ್ನು ಮೊದಲು ನುಡಿಯುತ್ತೇವೆ, ಗುರುತನ್ನು ಮಾತ್ರ ಮುಂದಿನ ಅಕ್ಷರದ ಬಲಕ್ಕೆ ಬರೆಯುತ್ತೇವೆ. ಕಿವಿಯ ಕ್ರಮ ಬೇರೆ, ಕೈಯ ಕ್ರಮ ಬೇರೆ ಆಗುವುದರಿಂದ ಬುದ್ಧಿವಂತ ಮಗುವೂ ಇಲ್ಲಿ ಎಡವುತ್ತದೆ. ಇದು ಅಲಕ್ಷ್ಯದ ತಪ್ಪಲ್ಲವೆಂದು ತಿಳಿದು ತಾಳ್ಮೆಯಿಂದ ತೋರಿಸಬೇಕು. ನಾಲ್ಕನೆಯದು ಸ, ಶ, ಷಗಳ ಗೊಂದಲ. ‘ಸಾಲಿ’ ಎಂದು ನುಡಿಯುವ ಮಗುವಿಗೆ ‘ಶಾಲೆ’ ಎಂಬುದನ್ನು ಮೇಲೆ ಹೇಳಿದ ಎರಡು ಸಾಲಿನ ಪುಟದಲ್ಲಿಯೇ ಕಲಿಸಬಹುದು.

ಒಂದು ವಾರಕ್ಕೆ ಒಂದೇ ತಾಣವನ್ನು ಹಿಡಿಯಿರಿ. ಮಹಾಪ್ರಾಣದ ವಾರದಲ್ಲಿ ಉಳಿದ ತಪ್ಪುಗಳನ್ನು ಕಂಡೂ ಕಾಣದಂತಿರಿ. ಒಂದೇ ಪುಟದಲ್ಲಿ ಇಪ್ಪತ್ತು ಕೆಂಪು ಗೆರೆಗಳನ್ನು ಕಂಡ ಮಗು ಒಂದನ್ನೂ ಕಲಿಯುವುದಿಲ್ಲ; ತನಗೆ ಬರವಣಿಗೆ ಬಾರದೆಂಬ ಒಂದೇ ಪಾಠವನ್ನು ಕಲಿಯುತ್ತದೆ. ತಪ್ಪಿದ ಶಬ್ದವನ್ನು ನೂರು ಸಲ ಬರೆಯಿಸುವ ಶಿಕ್ಷೆಯೂ ಬೇಡ. ಮೂವತ್ತನೆಯ ಸಲಕ್ಕೆ ಮನಸ್ಸು ಹೊರಟುಹೋಗಿ ಕೈಯೊಂದೇ ಉಳಿದಿರುತ್ತದೆ, ಎಪ್ಪತ್ತನೆಯ ಸಲಕ್ಕೆ ಹೊಸ ತಪ್ಪು ಸೇರಿರುತ್ತದೆ. ಅದರ ಬದಲು ಆ ಶಬ್ದವನ್ನು ಮೂರು ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಿಸಿರಿ. ಓದುಬಲ್ಲ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ದಿನಕ್ಕೆ ಆರು ಶಬ್ದಗಳ ಉಕ್ತಲೇಖನವನ್ನು ಕೊಡಲಿ. ಮಗು ಪಾಠಪುಸ್ತಕವನ್ನು ತೆರೆದು ತಾನೇ ಹೋಲಿಸಿ ನೋಡಿಕೊಳ್ಳಲಿ. ತಾನೇ ಕಂಡ ತಪ್ಪು ಬಹುಕಾಲ ನೆನಪಿನಲ್ಲಿರುತ್ತದೆ.

೩. ಕೈಬರಹ

ಅಕ್ಷರ ದುಂಡಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ, ಮಗು ಹೇಗೆ ಕುಳಿತಿದೆ ಎಂಬುದನ್ನು ನೋಡುವವರು ಕಡಿಮೆ. ಹೊಟ್ಟೆಯ ಮೇಲೆ ಮಲಗಿ ಬರೆಯುವ ಮಗುವಿನ ಅಕ್ಷರ ನೆಟ್ಟಗಾಗದು. ಮಣೆ ಹಾಕಿ ಕೂಡಿಸಿ, ಮುಂದೆ ತಕ್ಕ ಎತ್ತರದ ಮೇಜನ್ನೋ ಹಲಗೆಯನ್ನೋ ಇಡಿರಿ. ಬಲಗೈಯಿಂದ ಬರೆಯುವವನಿಗೆ ಬೆಳಕು ಎಡಗಡೆಯಿಂದ ಬರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳದು. ಎಡಗೈಯಿಂದ ಬರೆಯುವ ಮಗುವನ್ನು ಬಲಗೈಗೆ ಬಲವಂತವಾಗಿ ತಿರುಗಿಸಬೇಡಿರಿ. ಅದು ದೋಷವಲ್ಲ, ಪ್ರಕೃತಿ. ಅವನಿಗೆ ಬೆಳಕು ಬಲಗಡೆಯಿಂದ ಬಂದರಾಯಿತು.

ಕನ್ನಡ ಅಕ್ಷರದ ಚೆಲುವು ಅದರ ದುಂಡುತನದಲ್ಲಿ ಹಾಗೂ ತಲೆಕಟ್ಟಿನಲ್ಲಿದೆ. ಮೊದಲು ಪಾಟಿಯ ಮೇಲೆ ದೊಡ್ಡದಾಗಿ, ಆಮೇಲೆ ಜೋಡುಗೆರೆಯ ಪುಸ್ತಕದಲ್ಲಿ, ಕೊನೆಗೆ ಒಂಟಿಗೆರೆಯ ಹಾಳೆಯಲ್ಲಿ ಎಂಬ ಕ್ರಮವನ್ನು ಬಿಡಬಾರದು. ಒತ್ತಕ್ಷರಕ್ಕೆ ಗೆರೆಯ ಕೆಳಗೆ ಜಾಗ ಬೇಕೆಂಬುದನ್ನು ಮೊದಲಿನಿಂದಲೇ ರೂಢಿಸಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪ್ರತಿದಿನ ಹದಿನೈದು ನಿಮಿಷ ಮನಸ್ಸಿಟ್ಟು ಬರೆದ ಶುದ್ಧಬರಹ ಒಂದೇ ಪುಟವಾದರೂ, ರವಿವಾರ ಕೂಡಿಸಿ ಬರೆಯಿಸಿದ ಹತ್ತು ಪುಟಕ್ಕಿಂತ ಮೇಲು. ವೇಗವನ್ನು ಕೇಳಬೇಡಿರಿ, ರೂಢಿಯಾದ ಮೇಲೆ ಅದು ತಾನಾಗಿಯೇ ಬರುತ್ತದೆ.

ಇಂದು ಮನೆಮನೆಗೂ ಮೊಬೈಲ್ ಬಂದಿದೆ. ಮಾತನಾಡಿದರೆ ಸಾಕು, ಕನ್ನಡ ಅಕ್ಷರಗಳು ಪರದೆಯ ಮೇಲೆ ತಾವೇ ಮೂಡುತ್ತವೆ. ಇದು ಉಪಕಾರವೇ. ಆದರೆ ಯಂತ್ರ ಮೂಡಿಸಿದ ಶಬ್ದ ಸರಿಯೋ ತಪ್ಪೋ ಎಂದು ನಿರ್ಣಯಿಸಬೇಕಾದವನು ಮನುಷ್ಯನೇ. ‘ಬೆಲೆ’ ಎಂದದ್ದನ್ನು ಯಂತ್ರ ‘ಬೆಳೆ’ ಎಂದು ಬರೆದರೆ ಹಿಡಿಯಬಲ್ಲ ಕಣ್ಣು, ಕೈಯಿಂದ ಬರೆದು ಕಲಿತವನಿಗೆ ಬಂದಿರುತ್ತದೆ.

೪. ವಾಕ್ಯ ಮತ್ತು ಭಾವ

ಚಿಕ್ಕ ವಾಕ್ಯಗಳನ್ನು ಪ್ರೋತ್ಸಾಹಿಸಿರಿ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಲಿಂಗವಚನಗಳಲ್ಲಿ ಹೊಂದಾಣಿಕೆ ಇದೆಯೋ ಎಂಬುದನ್ನು ಕಿವಿಯೇ ಹೇಳುತ್ತದೆ. “ಎತ್ತುಗಳು ಬಂತು” ಎಂದು ಬರೆದ ಮಗುವಿಗೆ ಅದನ್ನೇ ಗಟ್ಟಿಯಾಗಿ ಓದಲು ಹೇಳಿದರೆ, “ಬಂದವು” ಎಂದು ತಾನೇ ತಿದ್ದಿಕೊಳ್ಳುವುದು ಅಪರೂಪವಲ್ಲ. ಪೂರ್ಣವಿರಾಮವಿಲ್ಲದೆ ‘ಮತ್ತು’, ‘ಆದ್ದರಿಂದ’ ಎಂದು ಪುಟದುದ್ದ ಎಳೆದ ವಾಕ್ಯವನ್ನು ಓದುವಾಗ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದಲ್ಲಿ ವಿರಾಮ ಹಾಕಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ. ಬರೆದುದನ್ನು ಗಟ್ಟಿಯಾಗಿ ಓದಿ ಹೇಳದೆ ಮಗು ಪುಸ್ತಕ ಮುಚ್ಚಬಾರದೆಂಬ ನಿಯಮವೊಂದನ್ನು ಮನೆಯಲ್ಲಿ ಇಟ್ಟುಕೊಂಡರೆ ಅರ್ಧದಷ್ಟು ತಿದ್ದುವಿಕೆ ಆದಂತೆಯೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಪೇಟೆಯಲ್ಲಿ ಸಿಗುವ ಮಾರ್ಗದರ್ಶಿ ಪುಸ್ತಕಗಳಿಂದ ನಿಬಂಧಗಳನ್ನು ಬಾಯಿಪಾಠ ಮಾಡಿಸುವ ರೂಢಿ ಮಕ್ಕಳ ಬರವಣಿಗೆಗೆ ದೊಡ್ಡ ಕೇಡು. ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟಾಗ ಬಾಯಿಪಾಠದ ಮಗು ಹೀಗೆ ಬರೆಯುತ್ತದೆ: “ನಮ್ಮ ಊರು ಬಹಳ ಸುಂದರವಾಗಿದೆ. ಊರಿನಲ್ಲಿ ಶಾಲೆ, ಅಂಚೆ ಕಚೇರಿ, ದವಾಖಾನೆ ಇವೆ. ಜನರು ಅನ್ಯೋನ್ಯವಾಗಿ ಬಾಳುತ್ತಾರೆ. ನಮ್ಮ ಊರೆಂದರೆ ನನಗೆ ಬಹಳ ಪ್ರೀತಿ.” ಇದರಲ್ಲಿ ಅಕ್ಷರದೋಷವಿಲ್ಲ, ವ್ಯಾಕರಣದೋಷವಿಲ್ಲ, ಊರೂ ಇಲ್ಲ. ಯಾವ ಊರಿನ ಹೆಸರನ್ನು ಹಾಕಿದರೂ ಸಲ್ಲುತ್ತದೆ.

ಆಲಮಟ್ಟಿ ಆಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ಅದರ ಹಿನ್ನೀರು ಏರಿದಂತೆ ಬೀಳಗಿ ತಾಲೂಕಿನ ಅನೇಕ ಊರುಗಳು ಮುಳುಗಡೆಯಾಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಸಾಗಿಬಂದರು. ಆ ಹಳೆಯ ಊರುಗಳನ್ನು ಕಣ್ಣಾರೆ ಕಂಡವರು ಇಂದು ಅಜ್ಜಂದಿರು, ಆಯಿಗಳು. ಅಂಥ ಮನೆಯ ಮಗುವೊಂದನ್ನು ನೆನೆದುಕೊಳ್ಳಿರಿ. ಅದು ಆಯಿಯ ಹತ್ತಿರ ಕುಳಿತು ಕೇಳಿ ಹೀಗೆ ಬರೆಯಿತೆನ್ನೋಣ: “ನಮ್ಮ ಹಳೆಯ ಊರು ಈಗ ನೀರಿನಲ್ಲಿದೆ. ನಮ್ಮ ಆಯಿ ಅಲ್ಲಿ ಹುಟ್ಟಿದಳು. ಮನೆ ಬಿಡುವಾಗ ಅಜ್ಜ ಬಾಗಿಲ ಚೌಕಟ್ಟನ್ನು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಅದೇ ಚೌಕಟ್ಟು ಈಗಿನ ಮನೆಗೆ ಇದೆ. ಅದು ಹೊಸ ಗೋಡೆಗೆ ಸರಿಯಾಗಿ ಕೂಡಿಲ್ಲ. ಆದರೂ ಆಯಿ ಬದಲಿಸಲು ಬಿಡುವುದಿಲ್ಲ.” ಇದರಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿರಲಿ, ಅವನ್ನು ನಾಳೆ ತಿದ್ದಬಹುದು. ಈ ಮಗುವಿಗೆ ಬರೆಯಲು ಬರುತ್ತದೆ. ಹೇಳಬೇಕಾದುದೊಂದು ಅದರಲ್ಲಿದೆ, ಅದನ್ನು ಅದು ಹೇಳಿದೆ. ಆ ಆಯಿಯ ನೆನಪು ಆಯಿಯೊಡನೆಯೇ ಹೋಗದಂತೆ ಹಾಳೆಯ ಮೇಲೆ ಉಳಿದದ್ದು ಬೇರೊಂದು ಲಾಭ. ಮನೆಯಲ್ಲಿ ಹಿರಿಯರಿದ್ದಾಗಲೇ ಈ ಕೆಲಸ ಆಗಬೇಕು.

ಆದುದರಿಂದ ಪಾಲಕರು ನಿಬಂಧವನ್ನು ತಾವೇ ಬರೆದು ಕೊಡಬಾರದು, ಕೊಂಡುತಂದೂ ಕೊಡಬಾರದು. ಮಗುವಿನ ಬರಹಕ್ಕೆ ಮನೆಯಲ್ಲಿ ನಿಜವಾದ ಕೆಲಸವನ್ನು ಕೊಡಿರಿ. ಸಂತೆಯ ಚೀಟಿ, ಹಾಲಿನ ಲೆಕ್ಕ, ಬಿತ್ತಿದ ದಿನ, ಮಳೆ ಬಂದ ದಿನ, ದೂರದ ಅತ್ತೆಗೋ ಸೋದರಮಾವನಿಗೋ ಒಂದು ಕಾಗದ: ಇವನ್ನೆಲ್ಲ ಮಗುವೇ ಬರೆಯಲಿ. ‘ಪೂಜ್ಯ ಮಾವನವರಿಗೆ’ ಎಂದು ಆರಂಭಿಸಿ ಬರೆದ ಕಾಗದಕ್ಕೆ ಮರುಕಾಗದವೊಂದು ಬಂದರೆ, ಬರಹವೆಂದರೆ ಏನೆಂಬುದು ಯಾವ ಉಪದೇಶವೂ ಇಲ್ಲದೆ ಮಗುವಿಗೆ ಮನದಟ್ಟಾಗುತ್ತದೆ.

೫. ಈ ನೆಲದ ಬರಹ

ನಮ್ಮ ಭಾಗಕ್ಕೆ ಬರವಣಿಗೆ ಹೊಸದಲ್ಲ. ಕವಿಚಕ್ರವರ್ತಿ ರನ್ನನ ಹುಟ್ಟೂರು ನಮ್ಮ ನೆರೆಯ ಮುಧೋಳ. ಅವನು ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವಿದ್ವಾಂಸರ ವಂಶದಲ್ಲಿ ಹುಟ್ಟಿದವರಿಗೆ ಮಾತ್ರ ಬರಹ ಒಲಿಯುತ್ತದೆ ಎಂಬ ಭ್ರಮೆಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಕ್ರಿ. ಶ. ೯೯೩ರಲ್ಲಿ ಅವನು ರಚಿಸಿದ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ, ಒಂದೊಂದು ಅಕ್ಷರವನ್ನೂ ಕೈಯಿಂದ ಓಲೆಯ ಮೇಲೆ ಕೊರೆದ ಲಿಪಿಕಾರರ ಶ್ರಮ.

ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಮಠಗಳನ್ನೂ ಮನೆಗಳನ್ನೂ ಅರಸಿ ಓಲೆಗರಿಗಳನ್ನು ಕೂಡಿಹಾಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದುದು ನಮ್ಮ ಸೀಮೆಯ ಹಿರಿಮೆ. ಅವರಿಗೆ ಆ ವಚನಗಳು ದೊರೆತುದು, ಹೆಸರು ಹೇಳದೆ ಹೋದ ಎಷ್ಟೋ ಕೈಗಳು ತಲೆತಲಾಂತರದಿಂದ ಅವನ್ನು ಶ್ರದ್ಧೆಯಿಂದ ಪ್ರತಿಮಾಡಿ ಮನೆಗಳಲ್ಲಿ ಕಾಪಾಡಿದುದರಿಂದ. ಪ್ರತಿಕಾರನೊಬ್ಬ ಒಂದು ಅಕ್ಷರವನ್ನು ತಪ್ಪಿಸಿದರೆ, ಶತಮಾನಗಳ ತರುವಾಯ ವಿದ್ವಾಂಸರು ಪಾಠಾಂತರಗಳ ನಡುವೆ ತಡಕಾಡಬೇಕಾಗುತ್ತದೆ. ಅಕ್ಷರಶುದ್ಧಿ ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲವೆಂಬುದನ್ನು ಮಕ್ಕಳಿಗೆ ತಿಳಿಯಹೇಳಲು ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಆ ವಚನಕಾರರಲ್ಲಿ ದೋಣಿ ನಡೆಸುವವರು, ಅಕ್ಕಿ ಆಯುವವರು, ಚರ್ಮದ ಕಾಯಕದವರು ಇದ್ದರು. ತಾವು ಆಡುತ್ತಿದ್ದ ಮಾತಿನಲ್ಲಿಯೇ ಅವರು ನುಡಿದರು ಎಂಬುದನ್ನೂ ಜೊತೆಗೆ ಹೇಳಬೇಕು.

೬. ವಾರದ ಕ್ರಮ

ಇಷ್ಟೆಲ್ಲವನ್ನೂ ಆಚರಣೆಗೆ ತರುವುದು ಕಷ್ಟವೆಂದು ತೋರಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಸೋಮವಾರ ಮಗು ಒಂದು ಸಂಗತಿಯನ್ನು ಬಾಯಿಂದ ಹೇಳಿ, ಐದು ಸಾಲು ಬರೆಯಲಿ. ಮಂಗಳವಾರ ಮತ್ತು ಬುಧವಾರ ಶುದ್ಧಬರಹದ ಒಂದೊಂದು ಪುಟ, ಆ ವಾರದ ತಾಣದ ಆರಾರು ಶಬ್ದಗಳ ಉಕ್ತಲೇಖನ. ಗುರುವಾರ ಸೋಮವಾರದ ಬರಹವನ್ನು ಮತ್ತೆ ತೆಗೆದು ಗಟ್ಟಿಯಾಗಿ ಓದಿ, ತಾನೇ ತಿದ್ದಲಿ. ಶುಕ್ರವಾರ ಪಾಠವಲ್ಲದ ಒಂದು ಕಥೆಯ ಪುಸ್ತಕದಿಂದ ಒಂದೆರಡು ಪುಟ ಓದಿ ಮನೆಯವರಿಗೆ ಕೇಳಿಸಲಿ; ಓದದವನ ಬರಹ ಬೇಗ ಬತ್ತುತ್ತದೆ. ಶನಿವಾರ ಅಜ್ಜನನ್ನೋ ಆಯಿಯನ್ನೋ ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರೆದಿಡಲಿ. ರವಿವಾರ ಮನೆಮಂದಿ ಕೂಡಿ ಕುಳಿತಾಗ ವಾರದಲ್ಲಿ ಚೆನ್ನಾಗಿ ಬಂದ ಒಂದು ಬರಹವನ್ನು ಎಲ್ಲರೆದುರು ಓದಲಿ.

ಓದಿ ಮುಗಿಸಿದಾಗ ಪಾಲಕರು ಎರಡು ಮಾತು ಹೇಳಬೇಕು: ಚೆನ್ನಾಗಿರುವ ಒಂದು ಸಾಲನ್ನು ಹೆಸರಿಸಿ ಮೆಚ್ಚುವುದು, ಮುಂದಿನ ವಾರಕ್ಕೆ ಸುಧಾರಿಸಬೇಕಾದ ಒಂದನ್ನು ಸೂಚಿಸುವುದು. ‘ಶಾಣ್ಯಾ ಆಗಿ’ ಎಂಬ ಸಾಮಾನ್ಯ ಹೊಗಳಿಕೆಗಿಂತ “ಚೌಕಟ್ಟು ಕೂಡಿಲ್ಲ ಅಂತ ಬರದೀಯಲ್ಲ, ಅದು ಖರೇ ಐತಿ” ಎಂಬ ಒಂದು ಮಾತು ಮಗುವಿಗೆ ಹೆಚ್ಚು ಕಲಿಸುತ್ತದೆ. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಹೋಲಿಸುವುದಾದರೆ ಆಷಾಢದ ಪುಟವನ್ನು ಕಾರ್ತಿಕದ ಪುಟದೊಡನೆ ಹೋಲಿಸಿ ತೋರಿಸಿರಿ. ಅದಕ್ಕಾಗಿ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕದೆ ಒಂದು ವರ್ಷವಾದರೂ ಇಟ್ಟಿರಬೇಕು.

ಈ ಶೈಕ್ಷಣಿಕ ವರ್ಷದಲ್ಲಿ ಪ್ರತಿಯೊಂದು ಮನೆಯಲ್ಲಿ ಅಂಥದೊಂದು ಪುಸ್ತಕ ಆರಂಭವಾಗಲಿ, ಅದರ ಮೊದಲ ಪುಟದಲ್ಲಿ ಮನೆಯ ಹಿರಿಯರೊಬ್ಬರ ಮಾತು ಮಗುವಿನ ಕೈಬರಹದಲ್ಲಿ ಮೂಡಲಿ ಎಂದು ಪಾಲಕ ಬಂಧುಗಳಲ್ಲಿ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.